ದೀಪ ಆರಿದರೂ ‘ಆಫ್’, ಅಲಾರಂ ಬಡಿದರೂ ‘ಆಫ್’

‘ದಿ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪಗಳು ಆರಿದವು. ‘ದಿ ಅಲಾರಂ ವೆಂಟ್ ಆಫ್’ ಎಂದರೆ ಅಲಾರಂ ಹೊಡೆದುಕೊಂಡಿತು. ಬ್ರಿಟನ್ನಿನ ಅಡುಗೆಮನೆಯಲ್ಲಿ ಯಾರಾದರೂ ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿದೆ ಎಂದರ್ಥ. ಕ್ರಿಯಾಪದ ಒಂದೇ, ಹಿಂದೆ ಬಂದ ಕಿರುಪದವೂ ಒಂದೇ. ಹೀಗಿದ್ದೂ ಒಂದು ಕಡೆ ಸದ್ದು ಶುರುವಾಗುತ್ತದೆ, ಇನ್ನೊಂದು ಕಡೆ ಬೆಳಕು ನಿಂತುಹೋಗುತ್ತದೆ. ಇಂಗ್ಲಿಷ್ ಕಲಿಯುವವರನ್ನು ಫ್ರೇಸಲ್ ವರ್ಬ್ ಕಾಡುವುದು ಇಲ್ಲಿಯೇ. ದೊಡ್ಡ ಪದ ಎದುರಾದರೆ ನಿಘಂಟು ತೆರೆಯುತ್ತೇವೆ. ‘ಗೋ’ ಮತ್ತು ‘ಆಫ್’ ಒಂದನೇ ತರಗತಿಯ ಪದಗಳಾದ್ದರಿಂದ, ಅರ್ಥ ತಿಳಿಯಿತೆಂದೇ ಭಾವಿಸಿ ಮುಂದೆ ಸಾಗುತ್ತೇವೆ. ಕಷ್ಟ ಇದೆಯೆಂಬುದೇ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ನಮ್ಮ ತರಗತಿಗಳು ಕಂಡುಕೊಂಡ ಮದ್ದು ಬಾಯಿಪಾಠ. ಆ ಮದ್ದು ಸರಿಯಿಲ್ಲ ಎಂಬುದೇ ನನ್ನ ವಾದ. ಈ ಜೋಡಿಪದಗಳ ಹಿಂದೆ ಒಂದು ತರ್ಕವಿದೆ, ಅದನ್ನು ಬಿಡಿಸಿ ತೋರಿಸಿದರೆ ಅರ್ಧ ಭಾರ ಇಳಿಯುತ್ತದೆ.

ಪರೀಕ್ಷೆಯ ಗೈಡುಗಳಲ್ಲಿ ಫ್ರೇಸಲ್ ವರ್ಬ್‌ಗಳು ಎರಡು ಕಾಲಂಗಳಲ್ಲಿ ಬರುತ್ತವೆ. ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಪೋಸ್ಟ್‌ಪೋನ್’. ಎಡಕ್ಕೆ ‘ಪುಟ್ ಅಪ್ ವಿತ್’, ಬಲಕ್ಕೆ ‘ಟಾಲರೇಟ್’. ಇದನ್ನು ಉರು ಹೊಡೆದ ವಿದ್ಯಾರ್ಥಿ ಮಾತನಾಡುವಾಗ ಬಲಗಡೆಯ ಪದವನ್ನೇ ಹಿಡಿಯುತ್ತಾನೆ, ಯಾಕೆಂದರೆ ಅರ್ಥ ಇರುವುದು ಅಲ್ಲೇ ಎಂದು ಅವನಿಗೆ ಕಲಿಸಲಾಗಿದೆ. ಹಾಗಾಗಿ ಸ್ನೇಹಿತರ ನಡುವಿನ ಮಾತಿಗೂ ಕಚೇರಿಯ ಸುತ್ತೋಲೆಯ ಧಾಟಿ ಬಂದುಬಿಡುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ವಾಕ್ಯದೊಳಗೆ ಆ ಜೋಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪಟ್ಟಿ ಹೇಳುವುದೇ ಇಲ್ಲ. ‘ಪಿಕ್ ಅಪ್ ದಿ ಬಾಕ್ಸ್’ ಸರಿ, ‘ಪಿಕ್ ದಿ ಬಾಕ್ಸ್ ಅಪ್’ ಕೂಡ ಸರಿ. ‘ಬಾಕ್ಸ್’ ಬದಲು ಸರ್ವನಾಮ ಬಂದರೆ ಮಾತ್ರ ‘ಪಿಕ್ ಇಟ್ ಅಪ್’ ಎಂದೇ ಹೇಳಬೇಕು, ‘ಪಿಕ್ ಅಪ್ ಇಟ್’ ನಡೆಯದು. ಇಂಗ್ಲಿಷ್ ವಾಕ್ಯದಲ್ಲಿ ಹೊಸ ಸಂಗತಿಗೆ ಕೊನೆಯ ಜಾಗ ಪ್ರಶಸ್ತ. ‘ಇಟ್’ ಎನ್ನುವುದು ಕೇಳುಗನಿಗೆ ಆಗಲೇ ಗೊತ್ತಿರುವ ವಸ್ತು, ಆದ್ದರಿಂದ ಅದು ನಡುವೆ ಸರಿದು ನಿಂತು ಒತ್ತನ್ನು ‘ಅಪ್’ಗೆ ಬಿಟ್ಟುಕೊಡುತ್ತದೆ. ‘ಲುಕ್ ಆಫ್ಟರ್ ಹಿಮ್’ ಎಂಬಲ್ಲಿ ಹೀಗೆ ಸರಿಯುವುದಿಲ್ಲ, ಏಕೆಂದರೆ ಅಲ್ಲಿನ ‘ಆಫ್ಟರ್’ ಮುಂದಿನ ಪದಕ್ಕೆ ಅಂಟಿಕೊಂಡದ್ದು. ಇಷ್ಟನ್ನು ಕಾರಣಸಹಿತ ಹೇಳಲು ಶಿಕ್ಷಕರಿಗೆ ಹತ್ತು ನಿಮಿಷ ಸಾಕು.

ಫ್ರೇಸಲ್ ವರ್ಬ್ ಆಡುಮಾತಿನ ಈಚಿನ ಚಟ ಎಂದು ತಿಳಿದವರಿದ್ದಾರೆ. 12ನೇ ಶತಮಾನದ ಪೀಟರ್‌ಬರೋ ಕ್ರಾನಿಕಲ್‌ನಲ್ಲೇ, ಸ್ಟೀಫನ್ ದೊರೆ ಬಿಷಪ್ಪರನ್ನು ಅವರ ಕೋಟೆಗಳನ್ನು ‘ಗಿವ್ ಅಪ್’ ಮಾಡುವವರೆಗೆ ಸೆರೆಯಲ್ಲಿಟ್ಟ ಪ್ರಸಂಗ ಇದೆ. 1755ರಲ್ಲಿ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಇಂಥ ಜೋಡಣೆಗಳು ವಿದೇಶಿಯರಿಗೆ ಬಹಳ ತೊಡಕಿನವು ಎಂದು ಮುನ್ನುಡಿಯಲ್ಲೇ ಬರೆದು, ಅವನ್ನು ಜತನದಿಂದ ಸಂಗ್ರಹಿಸಿದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ಪುಸ್ತಕದಿಂದ. ಅಂದರೆ ಹೆಸರು ಹೊಸದು, ಪದ್ಧತಿ ತೀರಾ ಹಳೆಯದು.

ಇನ್ನು ತರ್ಕದ ವಿಚಾರ. ‘ಅಪ್’ ಎಂದರೆ ಮೇಲೆ. ಪಾತ್ರೆಗೆ ನೀರು ಸುರಿದಂತೆ ಮಟ್ಟ ಮೇಲೇರುತ್ತದೆ, ಹಾಗಾಗಿ ‘ಸ್ಪೀಡ್ ಅಪ್’, ‘ಗೋ ಅಪ್’ಗಳಲ್ಲಿ ಅದು ಹೆಚ್ಚಳ. ಕಂಠದವರೆಗೆ ತುಂಬಿದರೆ ಮುಂದೆ ಜಾಗವಿಲ್ಲ, ಹಾಗಾಗಿ ‘ಫಿಲ್ ಅಪ್’, ‘ಯೂಸ್ ಅಪ್’, ‘ಈಟ್ ಅಪ್’ಗಳಲ್ಲಿ ಅದು ಪೂರ್ಣತೆ. ‘ಆಫ್’ ಎಂದರೆ ಇದ್ದ ನೆಲೆಯಿಂದ ಕಳಚಿಕೊಳ್ಳುವುದು. ಉರಿಯುತ್ತಿರುವ ದೀಪದ ನೆಲೆ ಬೆಳಕು, ಅದರಿಂದ ಕಳಚಿಕೊಂಡರೆ ಕತ್ತಲೆ. ಸಜ್ಜು ಮಾಡಿಟ್ಟ ಅಲಾರಮ್ಮಿನ ನೆಲೆ ಮೌನ, ಅದರಿಂದ ಕಳಚಿಕೊಂಡರೆ ಸದ್ದು. ಸುಸ್ಥಿತಿಯಿಂದ ಕಳಚಿಕೊಂಡ ಹಾಲು ಕೆಟ್ಟ ಹಾಲು. ವಿರುದ್ಧವಾಗಿ ಕಂಡ ಅರ್ಥಗಳು ಒಂದೇ ಬೇರಿನವು. 1981ರಷ್ಟು ಹಿಂದೆಯೇ ಸೂಸನ್ ಲಿಂಡ್ನರ್ ಅವರು ‘ಅಪ್’ ಮತ್ತು ‘ಔಟ್’ ಎರಡನ್ನೇ ಹಿಡಿದು ಇಂಥ ಅರ್ಥಜಾಲವನ್ನು ವಿವರವಾಗಿ ಬಿಡಿಸಿಟ್ಟಿದ್ದರು. ಇನ್ನೊಂದು ಧೈರ್ಯದ ಮಾತೂ ಇದೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಬೃಹತ್ ಪಠ್ಯಸಂಗ್ರಹವನ್ನು ಜಾಲಾಡಿದ ಗಾರ್ಡ್ನರ್ ಮತ್ತು ಡೇವಿಸ್ 2007ರಲ್ಲಿ ಪ್ರಕಟಿಸಿದಂತೆ, ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧದಷ್ಟು ಕೇವಲ 20 ಕ್ರಿಯಾಪದ ಮತ್ತು 8 ಕಿರುಪದಗಳ ಜೋಡಣೆ. ಸಾವಿರಾರು ಸಾಲಿನ ಪಟ್ಟಿಗೆ ಹೆದರುವ ಬದಲು ಈ ಎಂಟರ ಸ್ವಭಾವ ಅರಿಯುವುದು ಜಾಣತನ.

ಕನ್ನಡಿಗರಿಗಂತೂ ಇದು ಪರದೇಶದ ಸರಕೇನಲ್ಲ. ‘ತಿಂದ’ ಎನ್ನುವುದಕ್ಕೂ ‘ತಿಂದುಬಿಟ್ಟ’, ‘ತಿಂದುಹಾಕಿದ’ ಎನ್ನುವುದಕ್ಕೂ ಇರುವ ಅಂತರ ಪುಟ್ಟ ಮಗುವಿಗೂ ಗೊತ್ತು. ‘ಬರೆದುಕೊಟ್ಟ’ದ್ದು ಇನ್ನೊಬ್ಬರಿಗಾಗಿ, ‘ಬರೆದುಕೊಂಡ’ದ್ದು ತನಗಾಗಿ. ‘ಬಿಡು’ ಅಲ್ಲಿ ಬಿಡುವುದನ್ನೂ ಹೇಳುತ್ತಿಲ್ಲ, ‘ಹಾಕು’ ಹಾಕುವುದನ್ನೂ ಹೇಳುತ್ತಿಲ್ಲ. ಮೂಲಾರ್ಥ ಸವೆದು, ಮುಗಿಯಿತು ಎಂಬ ಭಾವ ಉಳಿದಿದೆ. ‘ಈಟ್ ಅಪ್’ನ ‘ಅಪ್’ ಮಾಡುವ ಕೆಲಸ ಇದಕ್ಕೆ ಬಹಳ ಹತ್ತಿರದ್ದು. ತಾಯ್ನುಡಿಯಲ್ಲಿ ಸಾಮ್ಯ ಇದ್ದ ಮಾತ್ರಕ್ಕೆ ಕಲಿಕೆ ತಾನಾಗಿ ಆಗುತ್ತದೆಯೇ ಎಂದು ಕೇಳಿದರೆ, ಇಲ್ಲ ಎನ್ನಬೇಕು. ಇಂಥ ರಚನೆಯೇ ಇಲ್ಲದ ಹೀಬ್ರೂ ಮಾತನಾಡುವವರು ಫ್ರೇಸಲ್ ವರ್ಬ್‌ಗಳನ್ನು ತಪ್ಪಿಸಿ ಒಂಟಿಪದಗಳತ್ತ ವಾಲುತ್ತಾರೆ ಎಂದು 1985ರಲ್ಲಿ ಡಾಗಟ್ ಮತ್ತು ಲಾಫರ್ ತೋರಿಸಿದರು. 1989ರಲ್ಲಿ ಡಚ್ ಮಾತನಾಡುವವರ ಮೇಲೆ ನಡೆದ ಅಧ್ಯಯನದಲ್ಲಿ ಕಂಡದ್ದು ಇನ್ನೂ ಕುತೂಹಲದ ಸಂಗತಿ. ತಮ್ಮ ಭಾಷೆಯನ್ನು ತೀರಾ ಹೋಲುವ ಕೆಲವು ಜೋಡಿಗಳನ್ನೇ ಅವರು ಅನುಮಾನದಿಂದ ದೂರ ಇಟ್ಟಿದ್ದರು. ಸಾಮ್ಯವನ್ನು ಬಾಯಿಬಿಟ್ಟು ಹೇಳಿಕೊಡಬೇಕು ಎಂಬುದಕ್ಕೆ ಇದೇ ಆಧಾರ.

ತರ್ಕದಿಂದ ಎಲ್ಲವೂ ಬಗೆಹರಿಯದು ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ‘ಮೇಕ್ ಅಪ್’ ಎಂದರೆ ಕಥೆ ಕಟ್ಟುವುದು, ಮುನಿಸು ಮರೆತು ಒಂದಾಗುವುದು, ಕೊರತೆ ತುಂಬುವುದು. ‘ಪುಟ್ ಅಪ್ ವಿತ್’ ಎಂಬುದನ್ನು ಇಡಿಯಾಗಿಯೇ ನುಂಗಬೇಕು. ಆದರೆ ಇಡಿಯಾಗಿ ಕಲಿಯಬೇಕಾದವು ಕೆಲವು ಎಂಬ ಕಾರಣಕ್ಕೆ ಎಲ್ಲವನ್ನೂ ಬಾಯಿಪಾಠಕ್ಕೆ ದೂಡುವುದು ನ್ಯಾಯವಲ್ಲ. ಗಂಭೀರ ಬರಹಕ್ಕೆ ಇವು ಒಗ್ಗುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಸಂಭಾಷಣೆಯಲ್ಲಿ ಇವು ಹೆಚ್ಚು, ಶಾಸ್ತ್ರೀಯ ಗದ್ಯದಲ್ಲಿ ಕಡಿಮೆ, ನಿಜ. ಹಾಗೆಂದು ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’ ಇಲ್ಲದೆ ಸಂಶೋಧನಾ ಪ್ರಬಂಧಗಳ ಕೆಲಸ ನಡೆಯುವುದು ಕಷ್ಟ.

ನಮ್ಮದೇ ಇಂಗ್ಲಿಷ್ ಇರುವಾಗ ಬ್ರಿಟಿಷರನ್ನು ಅನುಕರಿಸುವುದೇಕೆ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಭಾರತೀಯ ಇಂಗ್ಲಿಷ್ ತಾನೇ ಹೊಸ ಜೋಡಿಗಳನ್ನು ಹುಟ್ಟಿಸಿದೆ. ಬ್ರಿಟಿಷ್, ಅಮೆರಿಕನ್ ಇಂಗ್ಲಿಷ್‌ನಲ್ಲಿ ‘ಕೋಪ್ ವಿತ್’ ಎಂಬುದು ನಮ್ಮಲ್ಲಿ ‘ಕೋಪ್ ಅಪ್ ವಿತ್’ ಆಗಿರುವುದು ಅಜ್ಞಾನದಿಂದಲ್ಲ. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳ ಜಾಡು ಹಿಡಿದ ಕಿವಿ ಅಲ್ಲಿ ‘ಅಪ್’ ಅನ್ನು ನಿರೀಕ್ಷಿಸಿರಬೇಕು. ಯಾರೂ ಕಲಿಸದೆಯೂ ಕಿರುಪದದ ತರ್ಕ ನಮ್ಮವರ ಮನಸ್ಸಿನಲ್ಲಿ ಕೆಲಸ ಮಾಡುತ್ತಿದೆ. ‘ಪಾಸ್ ಔಟ್’ ಕಥೆ ಸ್ವಲ್ಪ ಬೇರೆ. ಬ್ರಿಟನ್ನಿನಲ್ಲಿ ಸೇನಾ ಕೆಡೆಟ್‌ಗಳು ತರಬೇತಿ ಮುಗಿಸಿ ‘ಪಾಸ್ ಔಟ್’ ಆಗುತ್ತಾರೆ. ನಮ್ಮಲ್ಲಿ ಎಂಜಿನಿಯರಿಂಗ್, ಬಿ.ಕಾಂ. ಮುಗಿಸಿದವರೂ ‘ಪಾಸ್ ಔಟ್’. ಬೆಂಗಳೂರಿನ ಕಂಪನಿಗೆ ಬರೆದ ಅರ್ಜಿಯಲ್ಲಿ ಅದು ಯಾರನ್ನೂ ಗೊಂದಲಕ್ಕೆ ದೂಡುವುದಿಲ್ಲ. ಅದೇ ಅರ್ಜಿ ಲಂಡನ್ನಿಗೋ ಷಿಕಾಗೋಗೋ ಹೋದರೆ, ಓದುವವರಿಗೆ ಮೊದಲು ಹೊಳೆಯುವ ಅರ್ಥ ‘ಪ್ರಜ್ಞೆ ತಪ್ಪಿದೆ’ ಎಂಬುದು. ಅಲ್ಲಿಗೆ ಬರೆಯುವಾಗ ‘ಗ್ರ್ಯಾಜುಯೇಟೆಡ್’ ಎಂದರಾಯಿತು. ಎರಡು ಬಳಕೆಗಳಲ್ಲಿ ಒಂದನ್ನು ತಪ್ಪೆಂದು ಹೊಡೆದುಹಾಕುವ ಬದಲು, ಎರಡನ್ನೂ ಒಂದೇ ಪುಟದಲ್ಲಿ, ಪೂರ್ಣ ವಾಕ್ಯಗಳೊಂದಿಗೆ, ಎಲ್ಲಿ ಯಾರು ಹೇಗೆ ಹೇಳುತ್ತಾರೆ ಎಂಬ ಟಿಪ್ಪಣಿ ಸಹಿತ ಕೊಡುವ ಪಠ್ಯಪುಸ್ತಕ ನಮ್ಮ ಮಕ್ಕಳಿಗೆ ಬೇಕು.