ಮಾಲೀಕರ ಸ್ವಭಾವ, ಆನ್‌ಲೈನ್ ಅಂಗಡಿಯ ಲೆಕ್ಕ

ಇನ್‌ಸ್ಟಾಗ್ರಾಮಿನಲ್ಲಿ ಸೀರೆ, ವಾಟ್ಸಾಪಿನಲ್ಲಿ ಉಪ್ಪಿನಕಾಯಿ. ಮನೆಯಿಂದಲೇ ನಡೆಯುವ ಇಂಥ ಅಂಗಡಿಗಳಲ್ಲಿ ಬೆಲೆ ಕಟ್ಟುವವರು, ಪಾರ್ಸೆಲ್ ಸುತ್ತುವವರು, ಗಿರಾಕಿಯ ಸಿಟ್ಟಿಗೆ ಉತ್ತರ ಕೊಡುವವರು ಎಲ್ಲ ಒಬ್ಬರೇ. ಆ ಒಬ್ಬರ ಸ್ವಭಾವದ ಬಗ್ಗೆ ನಾಲ್ಕು ಕಲ್ಪನೆಗಳು ಚಲಾವಣೆಯಲ್ಲಿವೆ.

ಕಲ್ಪನೆ 1: ಮಾತುಗಾರರಿಗೇ ವ್ಯಾಪಾರ.
ಸತ್ಯ: ಉದ್ಯಮಿಗಳನ್ನೂ ಮ್ಯಾನೇಜರುಗಳನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಹಾವೋ ಝಾವ್ ಮತ್ತು ಸ್ಕಾಟ್ ಸೈಬರ್ಟ್ 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬಹಿರ್ಮುಖತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉದ್ಯಮಿಗಳು ಮುಂದಿದ್ದದ್ದು ಕೆಲಸದ ಶಿಸ್ತಿನಲ್ಲಿ, ಹೊಸತನ್ನು ಪ್ರಯತ್ನಿಸುವ ಮನಸ್ಸಿನಲ್ಲಿ. ಆನ್‌ಲೈನಿನಲ್ಲಂತೂ ಗಿರಾಕಿಗೆ ಮಾಲೀಕರ ಮುಖ ಕಾಣುವುದೇ ಅಪರೂಪ. ಫೋಟೊದಲ್ಲಿ ಕಂಡ ಬಣ್ಣವೇ ಬಂತೇ, ಅಳತೆ ಸರಿಯಿದೆಯೇ, ಹೇಳಿದ ದಿನ ತಲುಪಿತೇ ಎಂಬುದಷ್ಟೇ ಕಾಣುತ್ತದೆ. ಇದು ಮಿತಭಾಷಿಗಳಿಗೂ ಒಗ್ಗುವ ಕೆಲಸ.

ಕಲ್ಪನೆ 2: ಇದ್ದಬದ್ದದ್ದನ್ನೆಲ್ಲ ಸುರಿಯುವ ಎದೆಗಾರಿಕೆ ಬೇಕು.
ಸತ್ಯ: ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ ಗೂಟಕ್ಕೆ ಬಳೆ ಎಸೆಯುವ ಆಟದ ಪ್ರಯೋಗವನ್ನು ಹೆಸರಾಗಿಸಿದರು. ಎಲ್ಲಿ ನಿಲ್ಲಬೇಕೆಂಬುದು ಆಡುವವರಿಗೇ ಬಿಟ್ಟದ್ದು. ಸಾಧಿಸುವ ಹಂಬಲ ಹೆಚ್ಚಿದ್ದವರು ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ, ಸಾಮಾನ್ಯವಾಗಿ ನಡುವೆ ನಿಂತರು. 1999ರಲ್ಲಿ ಅಮೆರಿಕದಲ್ಲಿ ನಿಕ್ ಸ್ವಿನ್‌ಮರ್ನ್ ಶೂ ಮಾರಲು ಹೊರಟಾಗ ಮಾಡಿದ್ದೂ ಇದನ್ನೇ. ದಾಸ್ತಾನು ತುಂಬಲಿಲ್ಲ. ಊರಿನ ಶೂ ಅಂಗಡಿಯಲ್ಲಿ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದರು; ಆರ್ಡರ್ ಬಂದ ಮೇಲೆ ಅದೇ ಅಂಗಡಿಯಲ್ಲಿ ಕೊಂಡು ಕಳಿಸಿದರು. ಆ ವ್ಯಾಪಾರ ಜ್ಯಾಪೋಸ್ ಆಗಿ ಬೆಳೆಯಿತು. 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು.

ಕಲ್ಪನೆ 3: ತಂತ್ರವನ್ನು ನಿರ್ಧರಿಸುವುದು ಮಾರುಕಟ್ಟೆ, ಸ್ವಭಾವವಲ್ಲ.
ಸತ್ಯ: ಮುಖ್ಯಸ್ಥರ ವ್ಯಕ್ತಿತ್ವಕ್ಕೂ ಸಂಸ್ಥೆಯ ತಂತ್ರಕ್ಕೂ ಇರುವ ನಂಟು ಸಣ್ಣ ಸಂಸ್ಥೆಗಳಲ್ಲೇ ಹೆಚ್ಚು ಗಟ್ಟಿ ಎಂದು ಡ್ಯಾನಿ ಮಿಲ್ಲರ್ ಮತ್ತು ಝಾನ್-ಮಾರಿ ತುಲೂಸ್ 1986ರಲ್ಲಿ ತೋರಿಸಿದರು. ಇಳಕಲ್ ಸೀರೆ ಮಾರುವ ಇಬ್ಬರನ್ನು ಊಹಿಸಿಕೊಳ್ಳಿ. ಮಾರುಕಟ್ಟೆ ಒಂದೇ, ನೇಕಾರರೂ ಅವರೇ. ಅಳುಕಿನ ಸ್ವಭಾವದವರು ಮೊದಲು ಹಣ, ಆಮೇಲೆ ಸೀರೆ ಎನ್ನುತ್ತಾರೆ: ಆರ್ಡರ್ ಕಡಿಮೆ, ವಾಪಸೂ ಕಡಿಮೆ. ಇಲ್ಲ ಎನ್ನಲು ಬಾರದವರು ಎಲ್ಲರಿಗೂ ಕ್ಯಾಶ್ ಆನ್ ಡೆಲಿವರಿ ಕೊಡುತ್ತಾರೆ: ಆರ್ಡರ್ ಹೆಚ್ಚು, ಆದರೆ ಬಾಗಿಲಲ್ಲೇ ತಿರುಗಿ ಬಂದ ಪಾರ್ಸೆಲ್ಲಿಗೆ ಹೋಗಿಬರುವ ಖರ್ಚೆಲ್ಲ ಕೈಯಿಂದಲೇ. ಇಬ್ಬರೂ ತಮ್ಮ ದಾರಿಯನ್ನು ತಂತ್ರ ಎಂದೇ ಕರೆಯುತ್ತಾರೆ. ಅದರಲ್ಲಿ ಅರ್ಧ ಸ್ವಭಾವ.

ಕಲ್ಪನೆ 4: ಹುಟ್ಟುಗುಣ ಸುಟ್ಟರೂ ಹೋಗದು.
ಸತ್ಯ: 1960ರ ದಶಕದಲ್ಲಿ ಮೆಕ್‌ಕ್ಲೆಲೆಂಡ್ ತಂಡ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಗುರಿ ಇಟ್ಟುಕೊಂಡು ದುಡಿಯುವ ತರಬೇತಿ ಕೊಟ್ಟಿತು. ತರಬೇತಿ ಪಡೆದವರು ಪಡೆಯದವರಿಗಿಂತ ಚುರುಕಾಗಿ ವ್ಯಾಪಾರ ಬೆಳೆಸಿದ್ದು 1969ರ ವರದಿಯಲ್ಲಿದೆ. ಅಲ್ಲಿ ಬದಲಾದದ್ದು ಹುಟ್ಟುಗುಣವಲ್ಲ, ನಡೆಯುವ ರೀತಿ.

ಇಂಥದೇ ಸ್ವಭಾವ ಗೆಲ್ಲುತ್ತದೆ ಎಂಬ ನಿಯಮವಿಲ್ಲ. ತನ್ನ ಸ್ವಭಾವ ಎಲ್ಲಿ ಹಣ ಸೋರಿಸುತ್ತದೆ ಎಂದು ತಿಳಿದರೆ ಸಾಕು. ದಾಕ್ಷಿಣ್ಯದವರು ವಾಪಸಾತಿ ನಿಯಮವನ್ನು ಮೊದಲೇ ಬರೆದು ಪುಟಕ್ಕೆ ಹಾಕಲಿ. ಅಂಜುವವರು ಹೊಸ ಮಾಲಿಗೆಂದು ತಿಂಗಳಿಗಿಷ್ಟು ಮೊತ್ತ ಎತ್ತಿಡಲಿ, ಹೋದರೂ ನಿದ್ದೆಗೆಡದಷ್ಟು. ಹುಮ್ಮಸ್ಸಿನವರು ಹಳೆ ದಾಸ್ತಾನು ಖಾಲಿಯಾಗುವ ತನಕ ಹೊಸ ಖರೀದಿಗೆ ಕೈಹಾಕದಿರಲಿ.