ಒಂದು ಗಾದಿ, ಮೂವರು ಗವರ್ನರರು

ನಮ್ಮಲ್ಲಿ ರಾಜ್ಯಪಾಲರ ಚುನಾವಣೆ ಎಂಬುದಿಲ್ಲ. ರಾಷ್ಟ್ರಪತಿಗಳು ನೇಮಿಸುತ್ತಾರೆ, ರಾಜ್ಯಪಾಲರು ಬರುತ್ತಾರೆ. ಆದರೆ 1948ರ ಕರಡು ಸಂವಿಧಾನದಲ್ಲಿ ಜನರೇ ನೇರವಾಗಿ ರಾಜ್ಯಪಾಲರನ್ನು ಆರಿಸುವ ಏರ್ಪಾಡೂ ಒಂದು ಪರ್ಯಾಯವಾಗಿ ಇತ್ತೆಂಬುದನ್ನು ಬಹುಮಂದಿ ಮರೆತಿದ್ದಾರೆ. ಮುಖ್ಯಮಂತ್ರಿಯೂ ಜನರಿಂದ ಬಂದವನು, ರಾಜ್ಯಪಾಲನೂ ಜನರಿಂದ ಬಂದವನು ಎಂದಾದರೆ ಇಬ್ಬರಿಗೂ ಜಗಳವಾಗದೆ ಇದ್ದೀತೆ ಎಂಬ ಶಂಕೆಯಿಂದ ಸಂವಿಧಾನ ಸಭೆ 1949ರ ಮೇ ತಿಂಗಳಿನಲ್ಲಿ ಆ ಏರ್ಪಾಡನ್ನು ಕೈಬಿಟ್ಟಿತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಂಗತಿಯೇ ಬೇರೆ. ಅಲ್ಲಿಯ ಗವರ್ನರನೆಂದರೆ ನಮ್ಮ ರಾಜ್ಯಪಾಲ, ಮುಖ್ಯಮಂತ್ರಿ ಇಬ್ಬರನ್ನೂ ಒಂದುಗೂಡಿಸಿದಂಥ ಅಧಿಕಾರಿ. ಆತನನ್ನು ಆರಿಸುವವರು ಜನರು. ಹೀಗೆ ಜನರು ಆರಿಸಿದವನು ಅಧಿಕಾರ ಸ್ವೀಕರಿಸುವ ಮೊದಲೇ ಕಣ್ಣು ಮುಚ್ಚಿದರೆ? ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ ಹಾಗಾಯಿತು. 1947ರ ಜನವರಿಯಲ್ಲಿ ಅಲ್ಲಿ ಒಂದು ಗಾದಿಗೆ ಮೂವರು ಹಕ್ಕುದಾರರು ಎದ್ದು ನಿಂತರು.

ಜಾರ್ಜಿಯಾದಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ್ದೇ ಏಕಚಕ್ರಾಧಿಪತ್ಯ. ಪಕ್ಷದ ಅಭ್ಯರ್ಥಿ ಯಾರೆಂಬುದು ಅದರ ಪ್ರಾಥಮಿಕ ಚುನಾವಣೆಯಲ್ಲಿ ತೀರ್ಮಾನವಾದರೆ ಸಾಕು, ಮುಂದಿನದೆಲ್ಲ ಶಾಸ್ತ್ರಕ್ಕೆ. ಈ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಮತವೆಂಬುದು ಬಹುಕಾಲದ ಕಟ್ಟಳೆ. 1946ರಲ್ಲಿ ನ್ಯಾಯಾಲಯಗಳು ಅದನ್ನು ಮುರಿದುಹಾಕಿದವು. ಒಂದು ಲಕ್ಷಕ್ಕೂ ಹೆಚ್ಚು ಕಪ್ಪು ಜನಾಂಗದವರು ಮತದಾರರ ಪಟ್ಟಿಗೆ ಹೆಸರು ಬರೆಸಿದರು.

ಇದನ್ನು ಕಂಡು ಕಿಡಿಕಿಡಿಯಾದವನು ಯೂಜೀನ್ ಟಾಲ್ಮೆಡ್ಜ್. ಷರಾಯಿಗೆ ಹೆಗಲ ಮೇಲಿಂದ ಕೆಂಪು ಪಟ್ಟಿ ಕಟ್ಟಿಕೊಂಡು ಹಳ್ಳಿಗರ ಮುಂದೆ ಗುಡುಗುತ್ತಿದ್ದ ಈತ ಅದಾಗಲೇ ಮೂರು ಸಲ ಗವರ್ನರ್ ಚುನಾವಣೆ ಗೆದ್ದಿದ್ದನು. ಬಿಳಿಯರ ಪ್ರಾಥಮಿಕ ಚುನಾವಣೆಯನ್ನು ಮತ್ತೆ ತರುವೆನೆಂಬುದೇ ಈ ಸಲ ಆತನ ಘೋಷಣೆ. ಆತನ ಕಡೆಯವರು ಊರೂರಿನಲ್ಲಿ ಆಕ್ಷೇಪಣೆ ಸಲ್ಲಿಸಿ, ಸಾವಿರಾರು ಕಪ್ಪು ಮತದಾರರ ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿಸಿದರು.

ಆದರೂ ಜುಲೈ ತಿಂಗಳಿನ ಪ್ರಾಥಮಿಕ ಚುನಾವಣೆಯಲ್ಲಿ ಹೆಚ್ಚು ಮತ ಬಂದದ್ದು ಎದುರಾಳಿ ಜೇಮ್ಸ್ ಕಾರ್ಮೈಕೇಲನಿಗೆ. ಆತನಿಗೆ ಸುಮಾರು 3 ಲಕ್ಷ 13 ಸಾವಿರ, ಟಾಲ್ಮೆಡ್ಜನಿಗೆ ಸುಮಾರು 2 ಲಕ್ಷ 97 ಸಾವಿರ. ಗೆದ್ದವನು ಟಾಲ್ಮೆಡ್ಜ್! ಇದೆಂಥ ಲೆಕ್ಕವೆಂದು ಓದುಗರು ಹುಬ್ಬೇರಿಸಬಹುದು. ಜಾರ್ಜಿಯಾದಲ್ಲಿ 159 ಕೌಂಟಿಗಳು, ಅಂದರೆ ಆಡಳಿತದ ವಿಭಾಗಗಳು. ಅತಿ ದೊಡ್ಡ 8 ಕೌಂಟಿಗಳಿಗೆ ತಲಾ 6 ಅಂಕ, ಆಮೇಲಿನ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಕೌಂಟಿಯಲ್ಲಿ ಮುಂದಿರುವವನಿಗೆ ಅಲ್ಲಿಯ ಅಂಕಗಳೆಲ್ಲ ಸಲ್ಲಬೇಕು. ಅಟ್ಲಾಂಟಾ ಮಹಾನಗರದ ಲಕ್ಷಾಂತರ ಜನರಿಗೂ ಮೂರು ಚಿಕ್ಕ ಕೌಂಟಿಗಳ ಕೆಲವು ಸಾವಿರ ಜನರಿಗೂ ತಕ್ಕಡಿಯಲ್ಲಿ ಒಂದೇ ತೂಕ. ಒಟ್ಟು 410 ಅಂಕಗಳಲ್ಲಿ ಟಾಲ್ಮೆಡ್ಜನಿಗೆ 242 ದೊರೆತವು.

ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಆತನಿಗೆ ಎದುರಾಳಿಯೇ ಇರಲಿಲ್ಲ. ಆದರೆ ಆತನ ಆರೋಗ್ಯ ಕೆಟ್ಟಿತ್ತು. ಆಪ್ತರಲ್ಲಿ ಕೆಲವರು ಗುಟ್ಟಾಗಿ ಕಾನೂನಿನ ಪುಸ್ತಕ ತಿರುವಿದರು. ಯಾರಿಗೂ ಬಹುಮತ ಬಾರದಿದ್ದರೆ, ಹೆಚ್ಚು ಮತ ಪಡೆದು ಜೀವಂತರಾಗಿರುವ ಇಬ್ಬರಲ್ಲಿ ಒಬ್ಬನನ್ನು ವಿಧಾನಮಂಡಲ ಆರಿಸತಕ್ಕದ್ದು ಎಂಬ ವಿಧಿ ಅವರ ಕಣ್ಣಿಗೆ ಬಿತ್ತು. ಮತಪತ್ರದಲ್ಲಿ ಅಚ್ಚಾಗದ ಹೆಸರನ್ನು ಮತದಾರನು ಕೈಯಿಂದ ಬರೆದು ಮತ ಕೊಡುವ ಅವಕಾಶ ಆ ದೇಶದಲ್ಲುಂಟು. ಮುದುಕನಿಗೆ ಏನಾದರೂ ಆದರೆ ಇರಲಿ ಎಂದು ಕೆಲವು ನೂರು ಮಂದಿಯಿಂದ ಆತನ ಮಗ ಹರ್ಮನನ ಹೆಸರನ್ನು ಬರೆಸಿದರು. ಹರ್ಮನನಿಗೆ ಆಗ 33 ವರ್ಷ. ಯುದ್ಧಕಾಲದಲ್ಲಿ ನೌಕಾದಳದಲ್ಲಿ ದುಡಿದು ಬಂದಿದ್ದ ವಕೀಲ.

ಡಿಸೆಂಬರ್ 21ರಂದು ಯೂಜೀನ್ ಟಾಲ್ಮೆಡ್ಜ್ ತೀರಿಕೊಂಡನು.

ಈಗ ಗಾದಿ ಯಾರದು? 1945ರ ಹೊಸ ಸಂವಿಧಾನವು ಉಪಗವರ್ನರನ ಸ್ಥಾನವನ್ನು ಸೃಷ್ಟಿಸಿತ್ತು. ಆ ಸ್ಥಾನಕ್ಕೆ ಮೊದಲ ಸಲ ಆರಿಸಿಬಂದ ಮೆಲ್ವಿನ್ ಥಾಮ್ಸನ್ ತನ್ನದೆಂದನು. ವಿಧಾನಮಂಡಲ ಆರಿಸಿದರೆ ತನ್ನದೆಂದನು ಹರ್ಮನ್. ಅವಧಿ ಮುಗಿಯುತ್ತಿದ್ದ ಗವರ್ನರ್ ಎಲಿಸ್ ಆರ್ನಾಲನಾದರೋ, ಅರ್ಹನಾದ ಉತ್ತರಾಧಿಕಾರಿ ಬರುವ ತನಕ ತಾನು ಕದಲುವುದಿಲ್ಲವೆಂದನು. 18 ವರ್ಷದವರಿಗೆ ಮತಾಧಿಕಾರವನ್ನು ಅಮೆರಿಕದಲ್ಲೇ ಮೊದಲು, 1943ರಲ್ಲಿ, ತನ್ನ ರಾಜ್ಯದಲ್ಲಿ ತಂದವನು ಈ ಆರ್ನಾಲ್. ಟಾಲ್ಮೆಡ್ಜ್ ಮನೆತನಕ್ಕೂ ಆತನಿಗೂ ಎಣ್ಣೆ ಸೀಗೆಕಾಯಿ.

ಜನವರಿ 14ರಂದು ವಿಧಾನಮಂಡಲದ ಎದುರು ಎಣಿಕೆಯಾಯಿತು. ಕೈಬರಹದ ಮತಗಳು ಕಾರ್ಮೈಕೇಲನಿಗೆ 669, ರಿಪಬ್ಲಿಕನ್ ಪಕ್ಷದ ಬೋವರ್ಸ್ ಎಂಬಾತನಿಗೆ 637, ಹರ್ಮನನಿಗೆ 617. ಮೂರನೆಯವನಿಗೆ ಕಾನೂನಿನಲ್ಲಿ ಜಾಗವಿಲ್ಲ. ಅಷ್ಟರಲ್ಲಿ ಟಾಲ್ಮೆಡ್ಜರ ಸ್ವಂತ ನೆಲವಾದ ಟೆಲ್‌ಫೇರ್ ಕೌಂಟಿಯಿಂದ, ಎಣಿಕೆಗೆ ಸಿಕ್ಕದೆ ಉಳಿದಿದ್ದ 58 ಮತಗಳು ಪ್ರತ್ಯಕ್ಷವಾದವು. ಎಲ್ಲವೂ ಹರ್ಮನನಿಗೇ! 675 ಮತಗಳಿಂದ ಆತನೇ ಮೊದಲಿಗನಾದನು. ಜನವರಿ 15ರ ನಸುಕಿಗೆ ಮುಂಚೆ, 161ಕ್ಕೆ 87 ಮತಗಳಿಂದ, ವಿಧಾನಮಂಡಲ ಆತನನ್ನು ಗವರ್ನರನೆಂದು ಸಾರಿತು.

ಆರ್ನಾಲ್ ಒಪ್ಪಲಿಲ್ಲ. ಹರ್ಮನನ ಕಡೆಯವರು ಗವರ್ನರನ ಕಚೇರಿಯ ಬೀಗಗಳನ್ನೇ ಬದಲಾಯಿಸಿದರು. ಒಳಗೆ ಹೋಗಲಾರದೆ ಆರ್ನಾಲನು ಅದೇ ಕಟ್ಟಡದ ಮೊಗಸಾಲೆಯಲ್ಲಿ, ಬಂದವರಿಗೆ ಮಾಹಿತಿ ಹೇಳುವ ಮೇಜಿನ ಬಳಿ ತನ್ನ ದರ್ಬಾರು ಹೂಡಿದನು. ಜನವರಿ 18ರಂದು ಥಾಮ್ಸನ್ ಉಪಗವರ್ನರನಾಗಿ ಪ್ರಮಾಣವಚನ ಸ್ವೀಕರಿಸಿದೊಡನೆ ಆರ್ನಾಲ್ ರಾಜೀನಾಮೆಯಿತ್ತು, ತನ್ನ ಹಕ್ಕನ್ನು ಆತನಿಗೆ ಬಿಟ್ಟುಕೊಟ್ಟನು.

ಈ ಗದ್ದಲದ ನಡುವೆ ನನ್ನ ಮನಸ್ಸನ್ನು ಸೂರೆಗೊಂಡವನು ರಾಜ್ಯದ ಕಾರ್ಯದರ್ಶಿ ಬೆನ್ ಫೋರ್ಟ್ಸನ್. ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವನು. ರಾಜ್ಯಮುದ್ರೆ ಆತನ ವಶದಲ್ಲಿತ್ತು. ಮುದ್ರೆ ಬೀಳದ ಅಧಿಕೃತ ಪತ್ರಕ್ಕೆ ಕವಡೆಯ ಬೆಲೆಯಿಲ್ಲ. ನಿಜವಾದ ಗವರ್ನರನಾರೆಂದು ನ್ಯಾಯಾಲಯ ಹೇಳಲಿ, ಅಲ್ಲಿಯ ತನಕ ಯಾರಿಗೂ ಕೊಡಲಾರೆನೆಂದು ಆತನು ಮುದ್ರೆಯನ್ನು ಕುರ್ಚಿಯ ಮೆತ್ತೆಯ ಕೆಳಗಿಟ್ಟು, ಕಾವಿಗೆ ಕುಳಿತ ಕೋಳಿಯಂತೆ ಅದರ ಮೇಲೆ ಕುಳಿತುಬಿಟ್ಟನು.

ಇತ್ತ ‘ಅಟ್ಲಾಂಟಾ ಜರ್ನಲ್’ ಪತ್ರಿಕೆಯ ವರದಿಗಾರ ಜಾರ್ಜ್ ಗುಡ್ವಿನ್ ಟೆಲ್‌ಫೇರ್ ಕೌಂಟಿಯ ಮತದಾನದ ಕಾಗದಗಳನ್ನು ಕೆದಕಿದನು. ಮತ ಹಾಕಿದವರ ಪಟ್ಟಿಯ ಒಂದೆಡೆ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬಂದಿದ್ದವು. ಮತದಾರರು ಹಾಗೆ ಸಾಲುಗಟ್ಟಿ ಬರುವುದುಂಟೆ? ಹೋಗಿ ವಿಚಾರಿಸಿದರೆ ಕೆಲವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೆಲವರು ಲೋಕವನ್ನೇ ಬಿಟ್ಟಿದ್ದರು. ಬದುಕಿದ್ದ ಕಪ್ಪು ಜನರ ಹೆಸರನ್ನು ಪಟ್ಟಿಯಿಂದ ಅಳಿಸಿದ ರಾಜ್ಯದಲ್ಲಿ ಸತ್ತವರು ಎದ್ದು ಬಂದು ಮತ ಕೊಟ್ಟಿದ್ದರು. ಗುಡ್ವಿನನಿಗೆ ಈ ಶೋಧಕ್ಕಾಗಿ 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು.

ರಾಜ್ಯದ ಸುಪ್ರೀಂ ಕೋರ್ಟು ಆ ಮತಗಳ ಗೋಜಿಗೇ ಹೋಗದೆ, 1947ರ ಮಾರ್ಚ್ 19ರಂದು ತೀರ್ಪಿತ್ತಿತು. ಸತ್ತರೂ ಯೂಜೀನನಿಗೆ ಬಹುಮತ ಬಂದದ್ದು ನಿಜ, ಆದ್ದರಿಂದ ವಿಧಾನಮಂಡಲಕ್ಕೆ ಆರಿಸುವ ಅಧಿಕಾರವೇ ಹುಟ್ಟಲಿಲ್ಲ, ಗಾದಿ ಥಾಮ್ಸನನದು. ಐವರು ನ್ಯಾಯಾಧೀಶರು ಹೀಗೆಂದರು, ಇಬ್ಬರು ಒಪ್ಪಲಿಲ್ಲ. ಹರ್ಮನ್ ತಕರಾರಿಲ್ಲದೆ ಹೊರನಡೆದನು. ಜನರ ಮುಂದೆ ಹೋಗುವೆನೆಂದನು, ಹೋದನು, 1948ರ ಚುನಾವಣೆಯಲ್ಲಿ ಥಾಮ್ಸನನನ್ನು ಸೋಲಿಸಿ ನೇರ ದಾರಿಯಲ್ಲೇ ಗವರ್ನರನಾದನು. ಮುಂದೆ 1957ರಿಂದ 1981ರ ತನಕ ಅಮೆರಿಕದ ಸೆನೆಟ್ಟಿನಲ್ಲಿ ಕುಳಿತನು.

ಆ ವಿಚಿತ್ರ ಅಂಕಗಳ ಪದ್ಧತಿ 1963ರ ತನಕ ಉಸಿರಾಡಿತು. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಒಬ್ಬನಿಗೆ ಒಂದೇ ಮತ, ಅದರ ತೂಕವೂ ಒಂದೇ ಎಂದು ವಿಧಿಸಿ ಅದನ್ನು ರದ್ದುಪಡಿಸಿತು. ಬಹುಮತವಿಲ್ಲದಿದ್ದರೆ ವಿಧಾನಮಂಡಲ ಆರಿಸುವ ವಿಧಿ ಮಾತ್ರ ಉಳಿದೇ ಇತ್ತು. 1966ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಹವರ್ಡ್ ಕ್ಯಾಲವೇ ಸುಮಾರು 3 ಸಾವಿರ ಮತಗಳಿಂದ ಮುಂದಿದ್ದರೂ ಬಹುಮತ ಬರಲಿಲ್ಲ. ಅಡ್ಡಿಯಾದದ್ದು ಕೈಬರಹದ ಮತಗಳು. ಅವುಗಳಲ್ಲಿ ಬರೆದಿದ್ದ ಹೆಸರು ನಮ್ಮ ಹಳೆಯ ಎಲಿಸ್ ಆರ್ನಾಲನದು! ಆತನ ಅಭಿಮಾನಿಗಳು ಮಾಡಿದ ಈ ಉಪಕಾರದಿಂದ, 1967ರ ಜನವರಿಯಲ್ಲಿ ವಿಧಾನಮಂಡಲವು ಆರಿಸಿದ್ದು ಲೆಸ್ಟರ್ ಮ್ಯಾಡಕ್ಸನನ್ನು. ತನ್ನ ಹೋಟೆಲಿನ ಬಾಗಿಲಲ್ಲಿ ನಿಂತು ಕಪ್ಪು ಗಿರಾಕಿಗಳನ್ನು ಹಿಂದಕ್ಕಟ್ಟಿ ಹೆಸರಾದವನು ಅವನು. ಮರುವರ್ಷ, 1968ರಲ್ಲಿ, ಆ ವಿಧಿಯನ್ನು ಬದಲಿಸಿ, ಬಹುಮತ ಬಾರದಿದ್ದರೆ ಜನರೇ ಮತ್ತೊಮ್ಮೆ ಮತ ಕೊಡಬೇಕೆಂದು ಗೊತ್ತುಮಾಡಿದರು.

ಇಷ್ಟು ಗವರ್ನರರು ಬಂದು ಹೋದರೂ ರಾಜ್ಯಮುದ್ರೆ ಮಾತ್ರ ಬೆನ್ ಫೋರ್ಟ್ಸನನ ಕೈಯಲ್ಲೇ ಇತ್ತು. 1979ರಲ್ಲಿ ತೀರಿಕೊಳ್ಳುವ ತನಕ ಆತನೇ ರಾಜ್ಯದ ಕಾರ್ಯದರ್ಶಿಯಾಗಿದ್ದನು.