ದುಡ್ಡು ಕೊಟ್ಟು ಹಂಚಿನ ಮನೆಯಲ್ಲಿ

ಕಣ್ಣು ತೋರಿಸಲೆಂದು ಅಮ್ಮನನ್ನು ಸುಳ್ಯದ ಆಲೆಟ್ಟಿಯಿಂದ ಬೆಂಗಳೂರಿಗೆ ಕರೆಸಿದ್ದೆ. ನನ್ನ ಪಿಜಿಯಲ್ಲಿ ನೆಂಟರಿಗೆ ಜಾಗವಿಲ್ಲ. ಹಾಗಾಗಿ ಎರಡು ರಾತ್ರಿಗೆ ಮಲ್ಲೇಶ್ವರದ ಹಳೇ ಮನೆಯೊಂದರಲ್ಲಿ ರೂಮು ಬುಕ್ ಮಾಡಿದೆ, ಬೆಳಗಿನ ತಿಂಡಿಯೂ ಸೇರಿ.

1898ರ ಪ್ಲೇಗಿನ ನಂತರ, ಇಕ್ಕಟ್ಟಿನ ಪೇಟೆ ಬಿಟ್ಟು ಜನ ಗಾಳಿ ಬೆಳಕಲ್ಲಿ ಇರಲಿ ಎಂದು ಬೆಳೆಸಿದ ಬಡಾವಣೆ ಮಲ್ಲೇಶ್ವರ. ಮನೆ ನೋಡಿದರೇ ಗೊತ್ತಾಗುತ್ತದೆ: ಎತ್ತರದ ಮಾಡು, ಅಗಲ ಜಗಲಿ, ತಣ್ಣಗಿನ ರೆಡ್ ಆಕ್ಸೈಡ್ ನೆಲ. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಇದಕ್ಕೆ ಇಲ್ಲಿ ‘ಮಂಕಿ ಟಾಪ್’ ಅಂತಾರೆ. (ನಮ್ಮೂರ ಮಂಗಗಳಿಗೆ ಹಂಚೇ ಸಾಕು.)

ಅಮ್ಮ ಮೇಲೆಯೇ ನೋಡುತ್ತಿದ್ದಳು. “ಇದು ನಮ್ಮ ಮಂಗಳೂರು ಹಂಚಲ್ವಾ? ದುಡ್ಡು ಕೊಟ್ಟು ಹಂಚಿನ ಮನೆಯಲ್ಲಿ ಮಲಗುವುದಾ ಮಾರಾಯ? ಎಷ್ಟು ಒಂದು ರಾತ್ರಿಗೆ?”

ಅರ್ಧ ರೇಟು ಹೇಳಿದೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಕಥೆಯನ್ನೂ ಹೇಳಿದೆ. ಹೇಳದೆ ಉಳಿದದ್ದು ಬೇರೆ. ಊರಿನ ನಮ್ಮ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಲು ಹಟ ಹಿಡಿದವನು ನಾನೇ. ಲೋನಿಗೂ ಅರ್ಜಿ ಹಾಕಿಯಾಗಿದೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. “ಮಾಡು ಹಾಗೇ ಉಳಿಸುವನಾ?”

“ಉಳಿಸುವ. ಮಳೆಗೆ ಮೊದಲು ಒಡೆದ ಹಂಚು ಬದಲಿಸಲಿಕ್ಕೆ ನೀನು ಬರ್ತೀಯಾ? ಮಾಡು ಹತ್ತುವ ಜನ ಈಗ ಎಲ್ಲುಂಟು?”

ಉತ್ತರ ಹೊಳೆಯಲಿಲ್ಲ. ತಿಂಡಿಯ ಮೇಜಿನಲ್ಲಿ ಅಮ್ಮ ಮನೆಯೊಡತಿಯ ಹತ್ತಿರ ಅದನ್ನೇ ವಿಚಾರಿಸುತ್ತಿದ್ದಳು. “ರೂಮಿನ ದುಡ್ಡೆಲ್ಲ ರಿಪೇರಿಗೇ ಹೋಗುತ್ತಮ್ಮ” ಎಂದು ಆಕೆ ನಕ್ಕರು.

ಲೋನಿನ ಅರ್ಜಿ ಸದ್ಯಕ್ಕೆ ನಿಲ್ಲಿಸಿದ್ದೇನೆ. ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿದ್ದೇನೆ. ಕಾರಣ ಏನೆಂದು ಮ್ಯಾನೇಜರಿಗೆ ಇನ್ನೂ ಹೇಳಿಲ್ಲ.